ನಾಳೆ ವಾರ್ಡ್ ಡ್ಯೂಟಿ, ಇಂದು ಕಣ್ಣಿಗೆ ನಿದ್ದೆಯಿಲ್ಲ: ನರ್ಸಿಂಗ್ ವಿದ್ಯಾರ್ಥಿಗಳು ಏನು ಮಾಡಬೇಕು?

ಬೆಳಗ್ಗೆ ಏಳಕ್ಕೆ ವಾರ್ಡಿನಲ್ಲಿರಬೇಕು ಎಂದರೆ ಹಲವರು ಮಾಡುವ ಮೊದಲ ತಪ್ಪು, ರಾತ್ರಿ ಒಂಬತ್ತಕ್ಕೇ ಹಾಸಿಗೆ ಸೇರುವುದು. ಕಣ್ಣು ಹತ್ತುವುದಿಲ್ಲ. ಹೊರಳಾಡುತ್ತ ಹನ್ನೊಂದೂವರೆ ಆಗುತ್ತದೆ. ಮೊಬೈಲ್ ತೆಗೆದು ಗಂಟೆ ನೋಡಿದರೆ ‘ಈಗ ನಿದ್ದೆ ಬಂದರೂ ಐದೂವರೆ ಗಂಟೆಯಷ್ಟೇ’ ಎಂಬ ಲೆಕ್ಕ ಶುರು. ಆ ಲೆಕ್ಕಕ್ಕೇ ಎದೆಬಡಿತ ಏರುತ್ತದೆ. ಹೀಗೆ ಹತ್ತಾರು ರಾತ್ರಿ ಕಳೆದರೆ, ಹಾಸಿಗೆ ಕಂಡರೆ ಎಚ್ಚರವಾಗುವುದೇ ದೇಹಕ್ಕೆ ರೂಢಿಯಾಗಿಬಿಡುತ್ತದೆ.

ಆದ್ದರಿಂದ ಕೆಲಸವನ್ನು ಎರಡು ಪಾಲು ಮಾಡಿಕೊಳ್ಳಿ. ನಿದ್ದೆ ಕೆಡಿಸುವ ವಾರ್ಡಿನ ಭಯಕ್ಕೆ ಮದ್ದು ಹಗಲಿನಲ್ಲಿ. ರಾತ್ರಿಗೆ ಉಳಿಯಬೇಕಾದ್ದು ಹಾಸಿಗೆಯ ಶಿಸ್ತು ಮಾತ್ರ.

ಹೆಜ್ಜೆ 1: ಸಂಜೆಯೇ ಭಯವನ್ನು ಹಾಳೆಗೆ ಇಳಿಸಿ

ಮಲಗುವುದಕ್ಕೆ ಎರಡು ಮೂರು ಗಂಟೆ ಮೊದಲು 15 ನಿಮಿಷ ಎತ್ತಿಡಿ. ಒಂದು ಹಾಳೆ, ನಡುವೆ ಗೆರೆ. ಎಡಕ್ಕೆ ಭಯ, ಬಲಕ್ಕೆ ಅದಕ್ಕೆ ಮಾಡಬೇಕಾದ ಕೆಲಸ. ‘ನರ್ಸಿಂಗ್ ನನ್ನ ಕೈಲಾಗದು’ ಎಂದು ಬರೆದರೆ ಬಲಗಡೆಗೆ ಏನೂ ಹೊಳೆಯುವುದಿಲ್ಲ. ‘ಕ್ಯಾತಿಟರ್ (ಮೂತ್ರ ಹೊರಹರಿಸುವ ನಳಿಕೆ) ಕೇರ್ ಮಾಡುವಾಗ ಸಿಸ್ಟರ್ ಪಕ್ಕದಲ್ಲಿ ನಿಂತರೆ ಕೈ ನಡುಗುತ್ತದೆ’ ಎಂದು ಬರೆದರೆ ಹೊಳೆಯುತ್ತದೆ: ಇವತ್ತೇ ಹಂತಗಳನ್ನು ಬಾಯಿಬಿಟ್ಟು ಹೇಳುತ್ತ ಎರಡು ಸಲ ಅಭ್ಯಾಸ, ನಾಳೆ ಶುರುವಿಗೆ ಮುಂಚೆ ‘ಇದು ನನಗೆ ಮೊದಲ ಸಲ, ಸ್ವಲ್ಪ ನೋಡಿಕೊಳ್ಳಿ’ ಎಂದು ಹೇಳುವುದು. ಬಲಗಡೆ ಖಾಲಿ ಉಳಿಯುವ ಸಾಲುಗಳೂ ಇರುತ್ತವೆ. ಬೆಳಗ್ಗೆ ಮಾತಾಡಿಸಿದ್ದ ರೋಗಿ ಮಧ್ಯಾಹ್ನ ತೀರಿಕೊಂಡಿದ್ದರೆ ಅದಕ್ಕೆ ಯಾವ ಅಭ್ಯಾಸವೂ ಇಲ್ಲ. ಬ್ಯಾಚಿನವರ ಹತ್ತಿರವೋ ಬೋಧಕರ ಹತ್ತಿರವೋ ಅಂದೇ ಹೇಳಿಕೊಳ್ಳುವುದೇ ಅಲ್ಲಿ ಕೆಲಸ.

ಮಲಗುವ ಮುನ್ನ ಮತ್ತೆ 5 ನಿಮಿಷ ನಾಳೆಯ ಕೆಲಸಗಳ ಪಟ್ಟಿ ಬರೆಯಿರಿ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದಲ್ಲಿ 57 ಮಂದಿಯ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮುಂದೆ ಮಾಡಬೇಕಾದ್ದನ್ನು ಬರೆದವರು, ಮುಗಿಸಿದ್ದನ್ನು ಬರೆದವರಿಗಿಂತ ಸುಮಾರು 9 ನಿಮಿಷ ಬೇಗ ನಿದ್ದೆಹೋದರು. ಪಟ್ಟಿ ವಿವರವಾಗಿದ್ದಷ್ಟೂ ಫಲ ಹೆಚ್ಚು.

ಹೆಜ್ಜೆ 2: ಲೆಕ್ಕದ ಭಯಕ್ಕೆ ಲೆಕ್ಕವೇ ಮದ್ದು

‘ಡೋಸ್ ತಪ್ಪಿದರೆ?’ ಎಂಬ ಯೋಚನೆಯನ್ನು ಉಸಿರಾಟದ ವ್ಯಾಯಾಮದಿಂದ ಓಡಿಸಲು ಹೋಗಬೇಡಿ. ಅದು ಸರಿಯಾದ ಕಾಳಜಿ. ಅದಕ್ಕೆ ಸಲ್ಲಬೇಕಾದ ಉತ್ತರ ಕೌಶಲ.

ಉದಾಹರಣೆಗೆ, ಡ್ರಿಪ್ ಮೂಲಕ ರಕ್ತನಾಳಕ್ಕೆ 1000 ಮಿ.ಲೀ. ದ್ರವ 8 ಗಂಟೆಯಲ್ಲಿ ಹೋಗಬೇಕು, ಹನಿ ಬೀಳಿಸುವ ಕೊಳವೆಯ ಸೆಟ್‌ನಲ್ಲಿ 1 ಮಿ.ಲೀ.ಗೆ 20 ಹನಿ. 1000 × 20 = 20,000. ಇದನ್ನು ನಿಮಿಷಗಳಿಂದ, ಅಂದರೆ 480ರಿಂದ ಭಾಗಿಸಿದರೆ 41.67. ನಿಮಿಷಕ್ಕೆ 42 ಹನಿ. ಗಂಟೆಯನ್ನು ನಿಮಿಷ ಮಾಡದೆ 8ರಿಂದ ಭಾಗಿಸಿದರೆ 2,500 ಬರುತ್ತದೆ. ಅಷ್ಟು ಹನಿ ಬೀಳಲು ಸಾಧ್ಯವೇ ಇಲ್ಲವಾದ್ದರಿಂದ ಆ ತಪ್ಪು ಕಣ್ಣಿಗೆ ಬೀಳುತ್ತದೆ. ಅಪಾಯ ಇರುವುದು ಕಣ್ಣಿಗೆ ಬೀಳದ ತಪ್ಪಿನಲ್ಲಿ. ಪ್ಯಾಕೆಟ್ ಮೇಲೆ ಹನಿಗಳ ಸಂಖ್ಯೆ ಓದದೆ 1 ಮಿ.ಲೀ.ಗೆ 60 ಸಣ್ಣ ಹನಿಯ ಮೈಕ್ರೋ ಸೆಟ್‌ಗೆ ಇದೇ 42 ಇಟ್ಟರೆ ಮೂರನೇ ಒಂದು ಪಾಲಷ್ಟೇ ಹೋಗುತ್ತದೆ. 8 ಗಂಟೆಯ ಬಾಟಲಿ ಮುಗಿಯಲು 24 ಗಂಟೆ ಬೇಕು. ಆ ಸೆಟ್‌ನಲ್ಲಿ ಗಂಟೆಗೆ ಎಷ್ಟು ಮಿ.ಲೀ.ಯೋ ನಿಮಿಷಕ್ಕೆ ಅಷ್ಟೇ ಹನಿ: ಇಲ್ಲಿ 125.

ದಿನಕ್ಕೆ ಇಂಥ ಮೂರು ಲೆಕ್ಕ, ಎರಡು ವಾರ. ಪ್ರತಿ ಸಲವೂ ಮೊದಲು ಅಂದಾಜು, ಆಮೇಲೆ ಲೆಕ್ಕ, ಕೊನೆಗೆ ಇನ್ನೊಬ್ಬರಿಂದ ತಾಳೆ. ತಾಳೆ ನೋಡಿಸುವುದು ಅವಮಾನವಲ್ಲ, ಅದೇ ಪದ್ಧತಿ.

ಇಂಜೆಕ್ಷನ್ ಕೊಡುವ ಹೊತ್ತಿಗೆ ಸರಿಯಾಗಿ ಲಿನನ್ (ಹಾಸಿಗೆ ಬಟ್ಟೆ) ತರುವ ನೆಪದಲ್ಲಿ ಹೊರಟುಬಿಡುವ ಅಭ್ಯಾಸವಿದ್ದರೆ ಇವತ್ತೇ ಬಿಡಿ. ತಪ್ಪಿಸಿಕೊಂಡಾಗ ಸಿಗುವ ನಿರಾಳವನ್ನು ಮಿದುಳು ನೆನಪಿಟ್ಟುಕೊಳ್ಳುತ್ತದೆ, ಮುಂದಿನ ಸಲ ಭಯ ಇನ್ನೂ ದೊಡ್ಡದಾಗಿ ಬರುತ್ತದೆ. ಮೊದಲು ಪಕ್ಕದಲ್ಲಿ ನಿಂತು ನೋಡಿ, ಆಮೇಲೆ ಟ್ರೇ ಸಿದ್ಧಮಾಡಿ, ಆಮೇಲೆ ಮೇಲ್ವಿಚಾರಣೆಯಲ್ಲಿ ನೀವೇ ಕೊಡಿ.

ಹೆಜ್ಜೆ 3: ವಾರ್ಡಿನಲ್ಲೇ ಎದೆ ಬಡಿದುಕೊಂಡರೆ

‘ಜೋರಾಗಿ ಉಸಿರೆಳೆದುಕೋ’ ಎಂಬ ಸಲಹೆ ಎಷ್ಟೋ ಸಲ ತಿರುಗುಬಾಣವಾಗುತ್ತದೆ. ಬಾಯಿಂದ ದೊಡ್ಡ ದೊಡ್ಡ ಉಸಿರು ತೆಗೆದುಕೊಂಡರೆ ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ ಇಳಿದು ಬೆರಳು ಜುಮ್ಮೆನ್ನುತ್ತದೆ, ತಲೆ ಹಗುರಾಗುತ್ತದೆ, ಗಾಬರಿ ಹೆಚ್ಚುತ್ತದೆ. ಉದ್ದವಾಗಬೇಕಾದ್ದು ಹೊರಬಿಡುವ ಉಸಿರು. ಮೂಗಿನಿಂದ 4 ಎಣಿಸುವಷ್ಟು ಒಳಕ್ಕೆ, 6 ಎಣಿಸುವಷ್ಟು ಹೊರಕ್ಕೆ. ಭುಜ ಏಳಬಾರದು, ಹೊಟ್ಟೆ ಉಬ್ಬಬೇಕು. ಇದಕ್ಕೆ ಬೇರೆ ಸಮಯ ಹುಡುಕಬೇಕಿಲ್ಲ. ಸೋಪಿನಿಂದ ಕೈ ತೊಳೆಯಲು ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು 40ರಿಂದ 60 ಸೆಕೆಂಡು. ಅಷ್ಟರಲ್ಲಿ ಇಂಥ ನಾಲ್ಕೈದು ಉಸಿರು ಆಗುತ್ತದೆ.

ಹೆಜ್ಜೆ 4: ಏಳುವ ಹೊತ್ತನ್ನು ಕಟ್ಟಿಹಾಕಿ

ನಿದ್ದೆ ಬರುವ ಹೊತ್ತು ನಮ್ಮ ಕೈಯಲ್ಲಿಲ್ಲ, ಏಳುವ ಹೊತ್ತು ಇದೆ. ಡೇ ಡ್ಯೂಟಿಯ ವಾರಗಳಲ್ಲಿ ಏಳೂ ದಿನ ಒಂದೇ ಹೊತ್ತಿಗೆ ಏಳಿ. ರಜಾದಿನ ಹೆಚ್ಚೆಂದರೆ ಒಂದು ಗಂಟೆ ತಡ. ಎದ್ದ ಒಂದು ಗಂಟೆಯೊಳಗೆ 20–30 ನಿಮಿಷ ಹೊರಗಿನ ಬೆಳಕಿನಲ್ಲಿರಿ. ಕಾಫಿಯಲ್ಲಿನ ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು. ಮಲಗುವ 6 ಗಂಟೆ ಮೊದಲು 400 ಮಿ.ಗ್ರಾಂ. ತೆಗೆದುಕೊಂಡವರ ನಿದ್ದೆ ಒಂದು ಗಂಟೆಗೂ ಹೆಚ್ಚು ಕಡಿಮೆಯಾಗಿದ್ದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಕಂಡಿದೆ. 8 ಗಂಟೆ ಮೊದಲೇ ನಿಲ್ಲಿಸುವುದು ಒಳ್ಳೆಯದು. ಹಗಲು ಮಲಗಲೇಬೇಕಾದರೆ 20 ನಿಮಿಷ, ಮಧ್ಯಾಹ್ನ ಮೂರರೊಳಗೆ.

ರಾತ್ರಿ ಕಣ್ಣು ಎಳೆಯತೊಡಗಿದ ಮೇಲೇ ಹಾಸಿಗೆಗೆ ಹೋಗಿ. ಗಡಿಯಾರ ಕಾಣದಂತಿಡಿ. ಅಂದಾಜು 20 ನಿಮಿಷವಾದರೂ ನಿದ್ದೆ ಬಾರದಿದ್ದರೆ ಎದ್ದು ಮಂದ ಬೆಳಕಿನಲ್ಲಿ ಕುಳಿತು ಬಟ್ಟೆ ಮಡಚಿ, ಹಗುರವಾದ ಏನಾದರೂ ಓದಿ. ಫಾರ್ಮಕಾಲಜಿ (ಔಷಧಶಾಸ್ತ್ರ) ನೋಟ್ಸ್ ಬೇಡ, ಮೊಬೈಲ್ ಬೇಡ. ರೆಪ್ಪೆ ಭಾರವಾದಾಗ ಮರಳಿ. ಒಂದೇ ರಾತ್ರಿ ಮೂರು ಸಲ ಏಳಬೇಕಾದರೂ ಏಳಿ. ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಜಿನ್ 1972ರಲ್ಲಿ ಮುಂದಿಟ್ಟ ಈ ಕ್ರಮ ಇಂದಿಗೂ ನಿದ್ರಾಹೀನತೆ ಚಿಕಿತ್ಸೆಯ ಬೆನ್ನೆಲುಬು. ಮೊದಲ ಮೂರು ನಾಲ್ಕು ದಿನ ದಣಿವು ಹೆಚ್ಚಾಗಬಹುದು, ಹಲವರು ಕೈಬಿಡುವುದು ಆಗಲೇ. ಎರಡು ವಾರವಾದರೂ ಕೊಟ್ಟು ನೋಡಿ.

ಹಾಸ್ಟೆಲ್ ಕೋಣೆಯಲ್ಲಿ ಓದಲಿಕ್ಕೂ ಮಲಗಲಿಕ್ಕೂ ಒಂದೇ ಮಂಚವಿದ್ದರೆ, ಓದುವಾಗ ಹೊದಿಕೆ ದಿಂಬು ಮಡಚಿಟ್ಟು ಕಾಲ್ದೆಸೆಯಲ್ಲಿ ಕೂರಿ. ಮಲಗುವಾಗ ಮಾತ್ರ ಹಾಸಿಗೆ ಬಿಚ್ಚಿ. ಸಣ್ಣ ವಿಷಯ ಎನಿಸಿದರೂ ಇಡೀ ಕ್ರಮದ ತಿರುಳೇ ಇದು: ಹಾಸಿಗೆ ಎಂದರೆ ನಿದ್ದೆ ಎಂದು ದೇಹ ಮತ್ತೆ ಕಲಿಯಬೇಕು.

ನೈಟ್ ಡ್ಯೂಟಿ ಇದ್ದಾಗ

ಏಳುವ ಹೊತ್ತಿನ ನಿಯಮ ಇಲ್ಲಿ ನಡೆಯದು. ಮೊದಲ ರಾತ್ರಿಗೆ ಮುನ್ನ ಮಧ್ಯಾಹ್ನ ಸುಮಾರು 90 ನಿಮಿಷ ಮಲಗಿ. ಕಾಫಿ ಡ್ಯೂಟಿಯ ಮೊದಲರ್ಧದಲ್ಲಿ ಮಾತ್ರ. ದೇಹದ ಉಷ್ಣತೆಯೂ ಚುರುಕೂ ತಳ ಮುಟ್ಟುವ ಬೆಳಗಿನ ಜಾವ 3ರಿಂದ 5ರ ನಡುವೆ ಔಷಧದ ಲೆಕ್ಕವನ್ನು ಒಬ್ಬರೇ ಮಾಡಬೇಡಿ. ವಿರಾಮದಲ್ಲಿ 20 ನಿಮಿಷ ಕಣ್ಣುಮುಚ್ಚಲು ಅನುಮತಿಯಿದ್ದರೆ ಮುಚ್ಚಿ. ಎದ್ದ ಮೇಲೆ 15–20 ನಿಮಿಷ ಮಂಪರಿರುತ್ತದೆ, ಅಷ್ಟರೊಳಗೆ ಔಷಧ ಮುಟ್ಟಬೇಡಿ. ಸತತ 17 ಗಂಟೆ ಎಚ್ಚರವಿದ್ದವರ ಚುರುಕು, ರಕ್ತದಲ್ಲಿ ಶೇ 0.05ರಷ್ಟು ಮದ್ಯ ಇರುವವರ ಮಟ್ಟಕ್ಕೆ ಇಳಿಯುತ್ತದೆ ಎಂದು 1997ರ ಆಸ್ಟ್ರೇಲಿಯಾ ಅಧ್ಯಯನ ತೋರಿಸಿತ್ತು. ತೂಕಡಿಸುತ್ತ ವಾಹನ ಓಡಿಸಿಕೊಂಡು ಹೋಗಬೇಡಿ. ಬೇರೆಯವರು ಓಡಿಸುತ್ತಿದ್ದರೆ ಕಪ್ಪು ಕನ್ನಡಕ ಹಾಕಿಕೊಂಡು ಕುಳಿತು, ತಲುಪಿದ ಕೂಡಲೇ ಕತ್ತಲೆ ಕೋಣೆಯಲ್ಲಿ ಮಲಗಿ. ಕೊನೆಯ ನೈಟ್ ಮುಗಿದ ಬೆಳಗ್ಗೆ ಎರಡು ಮೂರು ಗಂಟೆಯಷ್ಟೇ ಮಲಗಿ ಎದ್ದುಬಿಟ್ಟರೆ ಅಂದು ರಾತ್ರಿ ನಿದ್ದೆ ತಾನಾಗಿ ದಾರಿಗೆ ಬರುತ್ತದೆ.

ಮಾತ್ರೆಯ ಬಗ್ಗೆ

ಔಷಧದ ಕಪಾಟು ಕೈಗೆಟಕುವಷ್ಟು ಹತ್ತಿರವಿರುವ ವೃತ್ತಿ ಇದು. ವಾರ್ಡ್ ಸ್ಟಾಕಿನಿಂದಾಗಲಿ ಗೆಳೆಯರ ಚೀಟಿಯಿಂದಾಗಲಿ ಒಂದು ಮಾತ್ರೆಯನ್ನೂ ತೆಗೆದುಕೊಳ್ಳಬೇಡಿ. ಆಲ್‌ಪ್ರಜೋಲಮ್‌ನಂಥ ಆತಂಕ ತಗ್ಗಿಸುವ ಮಾತ್ರೆಗಳು ಕೆಲವೇ ವಾರಗಳಲ್ಲಿ ಅವಲಂಬನೆ ತರಬಲ್ಲವು. ನಿದ್ದೆ ತರಿಸುವ ಅಲರ್ಜಿ ಮಾತ್ರೆಗಳ ಮಂಪರು ಮರುದಿನದ ಡ್ಯೂಟಿಗೂ ಉಳಿಯುತ್ತದೆ. ಮದ್ಯ ಬೇಗ ಮಲಗಿಸಿ ನಡುರಾತ್ರಿ ಎಬ್ಬಿಸುತ್ತದೆ.

ವೈದ್ಯರ ಬಳಿ ಯಾವಾಗ?

ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ನಿದ್ದೆ ಕೆಟ್ಟರೆ ಅದು ದೀರ್ಘಕಾಲದ ನಿದ್ರಾಹೀನತೆ. ಅಲ್ಲಿಯವರೆಗೆ ಕಾಯಬೇಕೆಂದೇನಿಲ್ಲ. ಆತಂಕ ಎಷ್ಟಿದೆಯೆಂದು ಅಳೆಯಲು ರೋಗಿಗಳಿಗೆ ಬಳಸುವ ಜಿಎಡಿ-7 ಪ್ರಶ್ನಾವಳಿಯನ್ನು ನಿಮಗೇ ಹಾಕಿಕೊಂಡು ನೋಡಿ: ಕಳೆದ ಎರಡು ವಾರಗಳ ಬಗ್ಗೆ ಏಳು ಪ್ರಶ್ನೆ, 21 ಅಂಕ, 10 ಅಥವಾ ಹೆಚ್ಚು ಬಂದರೆ ತೋರಿಸಿಕೊಳ್ಳಿ. ಜೋರು ಗೊರಕೆ, ರಾತ್ರಿ ಕಾಲು ಆಡಿಸದೆ ಇರಲಾಗದ ಸಂಕಟ, ಥೈರಾಯ್ಡ್ ಅಥವಾ ರಕ್ತಹೀನತೆಯ ಲಕ್ಷಣ ಇದ್ದರೆ ಮೊದಲು ಪರೀಕ್ಷೆ ಆಗಲಿ. ಮೂರೇ ಗಂಟೆ ಮಲಗಿಯೂ ದಣಿವೇ ಇಲ್ಲದೆ ವಿಪರೀತ ಹುರುಪಿದ್ದರೂ ತೋರಿಸಿ. ಬದುಕುವುದೇ ಬೇಡ ಎಂಬ ಯೋಚನೆ ಸುಳಿದರೆ ಬೆಳಗಾಗುವವರೆಗೂ ಕಾಯದೆ ಪಕ್ಕದ ಕೋಣೆಯವರನ್ನು ಎಬ್ಬಿಸಿ, ತುರ್ತು ವಿಭಾಗಕ್ಕೆ ಹೋಗಿ.

ನಿದ್ರಾಹೀನತೆಗೆಂದೇ ಇರುವ ಅರಿವು-ವರ್ತನೆ ಚಿಕಿತ್ಸೆಯನ್ನು (ಸಿಬಿಟಿ-ಐ: ನಿದ್ದೆಯ ಬಗೆಗಿನ ಯೋಚನೆ, ಅಭ್ಯಾಸಗಳನ್ನು ತಿದ್ದುವ ಚಿಕಿತ್ಸೆ) ಅಲ್ಲಿನ ವೈದ್ಯರ ಸಂಘಟನೆ ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ 2016ರಲ್ಲಿ ಮಾತ್ರೆಗಿಂತ ಮೊದಲು ಕೊಡಬೇಕಾದ ಚಿಕಿತ್ಸೆ ಎಂದು ಸೂಚಿಸಿತು. ಅದು ಸಿಗುತ್ತದೆಯೇ ಎಂದು ಕೇಳಿ. ಹೋಗುವಾಗ ಎರಡು ವಾರದ ನಿದ್ದೆಯ ದಿನಚರಿ ಒಯ್ಯಿರಿ: ಮಲಗಿದ ಹೊತ್ತು, ನಿದ್ದೆ ಹತ್ತಿದ ಅಂದಾಜು ಹೊತ್ತು, ನಡುವೆ ಎಷ್ಟು ಸಲ ಎಚ್ಚರ, ಎದ್ದ ಹೊತ್ತು, ಅಂದಿನ ಡ್ಯೂಟಿ ಮತ್ತು ಕಾಫಿ. ಇದನ್ನು ಬೆಳಗ್ಗೆ ಎದ್ದ ಮೇಲೆ ನೆನಪಿನಿಂದ ತುಂಬಿ, ರಾತ್ರಿ ಗಡಿಯಾರ ನೋಡಿಕೊಂಡು ಅಲ್ಲ.