ಸ್ಲ್ಯಾಬ್ ಮೇಲೆ ಕಾಲು ಜಾರುತ್ತಿದೆಯಾ? ಹಿಮ್ಮಡಿ ಇಳಿಸಿ
ಗ್ರಾನೈಟ್ ಸ್ಲ್ಯಾಬ್, ಅಂದರೆ ನೆಟ್ಟಗಿರದೆ ಇಳಿಜಾರಾಗಿರುವ ಬಂಡೆ, ಹತ್ತುವಾಗ ಹಿಮ್ಮಡಿ ಕೆಳಗಿಳಿಸಿ, ಸೊಂಟವನ್ನು ಬಂಡೆಯಿಂದ ದೂರ ಇಡಿ. ಆಗ ಶೂ ಮುಂಭಾಗದ ರಬ್ಬರ್ ಜಾಸ್ತಿ ಅಗಲಕ್ಕೆ ಕೂರುತ್ತದೆ, ಮೈಭಾರ ನೇರ ಕಾಲಿನ ಮೇಲೆ ಬೀಳುತ್ತದೆ. ಹಿಡಿತ ಬರುವುದೇ ಆ ಒತ್ತಡದಿಂದ. ಭಯಕ್ಕೆ ಬಂಡೆಯನ್ನು ತಬ್ಬಿಕೊಂಡರೆ ಪಾದ ಕಿತ್ತುಕೊಂಡು ಜಾರುತ್ತದೆ, ಎಲ್ಲರೂ ಮಾಡೋದು ಅದನ್ನೇ ಅಲ್ವಾ! ಹೆಜ್ಜೆ ಚಿಕ್ಕದಿರಲಿ, ಕೈ ಎದೆಮಟ್ಟ ದಾಟದಿರಲಿ. ಹೊರಡುವ ಮುಂಚೆ ಶೂ ತಳ ಒರೆಸಿಕೊಳ್ಳಿ. ನಾಲ್ಕು ಕಾಳು ಮರಳಿದ್ದರೂ ಸಾಕು, ಜಾರುತ್ತದೆ. ಬಂಡೆ ಒದ್ದೆಯಿದ್ದರೆ, ಕಲ್ಲುಹೂವು ಕಟ್ಟಿದ್ದರೆ ಈ ಉಪಾಯ ನಡೆಯಲ್ಲ. ಬೆರಳಗಲದ ಅಂಚು ಸಿಕ್ಕಲ್ಲಿ ಹಿಮ್ಮಡಿ ಸ್ವಲ್ಪ ಎತ್ತುವುದೇ ಸರಿ. ಇನ್ನೊಂದು, ಕ್ಯಾಮ್ (ಬಿದ್ದರೆ ಹಗ್ಗ ತಡೆಯಲೆಂದು ಬಿರುಕಿಗೆ ಸಿಕ್ಕಿಸುವ ಸಾಧನ) ಕೂರುವ ಬಿರುಕು ಸಿಕ್ಕರೆ ಸುಮ್ನೆ ದಾಟಿಹೋಗಬೇಡಿ. ಸ್ಲ್ಯಾಬ್‌ನಲ್ಲಿ ಮುಂದಿನದು ಎಷ್ಟು ಮೇಲಿರುತ್ತದೋ ಹೇಳಕ್ಕಾಗಲ್ಲ.