ಮುಂಬೈ ಮಳೆಗಾಲದಲ್ಲಿ ಬೋವಿಯಾ ಗಡ್ಡೆ: ನನ್ನ ಅನುಭವ

ಮುಂಬೈಯಲ್ಲಿ ಬೋವಿಯಾ ಅನ್ನುವ ಗಡ್ಡೆ ಬಳ್ಳಿ ಉಳಿಯೋದಿಲ್ಲ ಅನ್ನುವವರೇ ಜಾಸ್ತಿ. ಇಲ್ಲಿನ ಸೆಕೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆ, ಚಪ್ಪಲಿಗೂ ಬೂಸ್ಟು ಹಿಡಿಸುವ ತೇವ, ಇದೆಲ್ಲ ಗಡ್ಡೆ ಗಿಡಕ್ಕೆ ಕಷ್ಟವೇ. ಆದರೂ ಮುಲುಂಡ್‌ನ ನಮ್ಮ ಮನೆಯಲ್ಲಿ ಈ ಗಿಡ ವರ್ಷಗಳಿಂದ ಸುಖವಾಗಿದೆ. ಗಡ್ಡೆ ದಪ್ಪವಾಗಿದೆ, ಒಂದಿದ್ದದ್ದು ಎರಡಾಗಿದೆ, ಪ್ರತಿ ವರ್ಷ ಹೂವೂ ಬಿಡುತ್ತದೆ. ಹೇಗೆ ಸಾಕಿದೆ ಅಂತ ಕೇಳಿದವರಿಗೆಲ್ಲ ನಾನು ಮೊದಲು ಹೇಳುವುದು ಇಷ್ಟೇ: ಕ್ಯಾಲೆಂಡರ್ ನೋಡಿ ನೀರು ಹಾಕಬೇಡಿ, ಗಡ್ಡೆಯ ನೆತ್ತಿ ನೋಡಿ ಹಾಕಿ.

ಗಿಡದ ಪೂರ್ತಿ ಹೆಸರು ಬೋವಿಯಾ ವೊಲ್ಯೂಬಿಲಿಸ್. ನರ್ಸರಿಯವರು ಕ್ಲೈಂಬಿಂಗ್ ಆನಿಯನ್ ಅಂತಾರೆ. ಮಣ್ಣಿನ ಮೇಲೆ ಅರ್ಧ ಎದ್ದು ಕೂತ ತಿಳಿಹಸಿರು ಗಡ್ಡೆ, ನೋಡೋಕೆ ಥೇಟ್ ಸಿಪ್ಪೆ ಸುಲಿದ ಈರುಳ್ಳಿ. ಅದರ ನೆತ್ತಿಯಿಂದ ಒಂದು ಕುಡಿ ಹೊರಟು ಎರಡು ಮೂರು ಮೀಟರ್ ಬಳ್ಳಿಯಾಗಿ ಹಬ್ಬುತ್ತದೆ. ಬಲಿತ ಗಿಡಕ್ಕೆ ಎಲೆ ಇಲ್ಲವೆಂದೇ ಹೇಳಬಹುದು. ಕವಲೊಡೆದ ಹಸಿರು ಕಾಂಡವೇ ಬಿಸಿಲಲ್ಲಿ ಆಹಾರ ತಯಾರಿಸಿ ಗಡ್ಡೆಗೆ ಕಳಿಸುತ್ತದೆ. ಕೆಲವು ತಿಂಗಳಾದ ಮೇಲೆ ಬಳ್ಳಿ ಹಳದಿಯಾಗಿ ಒಣಗಿ ಬೀಳುತ್ತದೆ. ಗಡ್ಡೆ ಮಾತ್ರ ಉಳಿದು ನಿದ್ದೆಗೆ ಹೋಗುತ್ತದೆ. ಹೊಸಬರಿಗೆ ಇದೇ ಗಾಬರಿ. ಗಿಡ ಸತ್ತಿತು ಅಂದುಕೊಂಡು ನೀರು ಸುರಿಯುತ್ತಾರೆ. ಗಡ್ಡೆ ನಿಜವಾಗಿ ಸಾಯುವುದು ಆಗ.

ಇದರ ಊರು ಆಫ್ರಿಕಾ. ದಕ್ಷಿಣ ಆಫ್ರಿಕಾದ ಪೂರ್ವ ಭಾಗದಿಂದ ಕೀನ್ಯಾವರೆಗೆ ಕಾಡಿನಲ್ಲಿ ಸಿಗುತ್ತದೆ. ಅಲ್ಲಿ ಇದನ್ನು ನಾಟಿ ಔಷಧಿಗಾಗಿ ಅಗೆದು ಅಗೆದು ಮಾರಿದ್ದಾರೆ. ಹಾಗಾಗಿ ದಕ್ಷಿಣ ಆಫ್ರಿಕಾದ ಕೆಂಪು ಪಟ್ಟಿಯಲ್ಲಿ ಇದು ಅಪಾಯಕ್ಕೆ ತುತ್ತಾಗಬಲ್ಲ ಗಿಡ ಅಂತ ಸೇರಿದೆ. ಅದಕ್ಕೇ ಕಾಡಿನಿಂದ ಕಿತ್ತು ತಂದ ದೊಡ್ಡ ಗಡ್ಡೆ ನನಗೆ ಬೇಡ. ಬೀಜದಿಂದ ಎಬ್ಬಿಸಿದ ಅಥವಾ ಇಲ್ಲೇ ಮರಿ ಮಾಡಿದ ಸಣ್ಣ ಗಡ್ಡೆ ಕೇಳಿ ತೆಗೆದುಕೊಳ್ಳಿ. ನನ್ನದು ಠಾಣೆಯ ಗಿಡಪ್ರಿಯರೊಬ್ಬರು ತಮ್ಮ ಮನೆಯಲ್ಲೇ ಬೆಳೆಸಿದ್ದು, 3 ಸೆಂಟಿಮೀಟರ್ ಅಗಲ ಇತ್ತು. ಸಣ್ಣದು ನಮ್ಮ ಹವೆಗೆ ಬೇಗ ಒಗ್ಗುತ್ತದೆ, ದುಡ್ಡೂ ಕಡಿಮೆ. ಹೊರದೇಶದಿಂದ ನೇರ ತರಿಸುವ ಆಸೆಯಿದ್ದರೆ 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಆಮದು ಪರವಾನಗಿ, ಕಳಿಸುವ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ ಎರಡೂ ಬೇಕು. ಪಾರ್ಸಲ್‌ನಲ್ಲಿ ಗುಟ್ಟಾಗಿ ಬರುವ ಗಡ್ಡೆಗಳಿಂದ ದೂರ ಇರಿ.

ಮಣ್ಣಿನ ವಿಷಯಕ್ಕೆ ಬರುತ್ತೇನೆ. ನಾನು ಬಳಸುವ ಮಿಶ್ರಣದಲ್ಲಿ ಮಣ್ಣು ಅನ್ನೋದು ಹೆಸರಿಗೆ ಮಾತ್ರ. ಮೂರು ಪಾಲಿನಲ್ಲಿ ಎರಡು ಪಾಲು ಕಲ್ಲು: ಸಿಂಡರ್, ಪ್ಯೂಮಿಸ್‌ನಂಥ ತೂತು ತೂತಾದ ಹಗುರ ಕಲ್ಲು, ಇಟ್ಟಿಗೆ ಚೂರು, ಯಾವುದು ಸಿಕ್ಕರೆ ಅದು. ಕಡಲೆಕಾಳಿಗಿಂತ ದೊಡ್ಡದು ಬೇಡ. ಜರಡಿ ಹಿಡಿದು ಪುಡಿಯೆಲ್ಲ ತೆಗೆಯಲೇಬೇಕು, ಇಲ್ಲದಿದ್ದರೆ ಆ ಪುಡಿಯೇ ತಳದಲ್ಲಿ ಕೆಸರಾಗಿ ಕೂರುತ್ತದೆ. ಉಳಿದ ಒಂದು ಪಾಲಿನಲ್ಲಿ ತೋಟದ ಮಣ್ಣು ಮತ್ತು ಎರೆಗೊಬ್ಬರ ಅರ್ಧರ್ಧ, ಮೇಲೊಂದು ಹಿಡಿ ಬೇವಿನ ಹಿಂಡಿ. ಕೋಕೋಪೀಟ್, ಅಂದರೆ ತೆಂಗಿನ ನಾರಿನ ಪುಡಿ, ಹಾಕುವುದಿಲ್ಲ. ಮುಂಬೈಯಲ್ಲಿ ಅದು ಒಣಗೋದೇ ಇಲ್ಲ. ಕುಂಡ ಮಣ್ಣಿನದೇ ಆಗಿರಲಿ, ಗಡ್ಡೆಯ ಸುತ್ತ ಎರಡು ಬೆರಳು ಜಾಗ ಇದ್ದರೆ ಸಾಕು. ಬೆಳೆಯಲಿ ಅಂತ ದೊಡ್ಡ ಕುಂಡಕ್ಕೆ ಹಾಕಿದರೆ ಬೇರು ಮುಟ್ಟದ ಮಣ್ಣು ಹಸಿಯಾಗಿಯೇ ಉಳಿಯುತ್ತದೆ. ಗಡ್ಡೆಯನ್ನು ಪೂರ್ತಿ ಹೂಳಬೇಡಿ. ಬುಡ ಮತ್ತು ಬೇರು ಮಣ್ಣಲ್ಲಿ, ಮೇಲಿನ ಅರ್ಧ ಗಾಳಿಗೆ. ಹಾಗಿದ್ದರೆ ಮಾತ್ರ ಅದರ ಸ್ಥಿತಿ ದಿನವೂ ಕಣ್ಣಿಗೆ ಬೀಳುತ್ತದೆ.

ನಮ್ಮ ಮನೆಯ ವರ್ಷ ಶುರುವಾಗುವುದು ಅಕ್ಟೋಬರ್ ಸೆಕೆಯಲ್ಲಿ. ಮಳೆ ನಿಂತು ಗೋಡೆ ಒಣಗುವ ಹೊತ್ತಿಗೆ ನೆತ್ತಿಯ ಒಣಸಿಪ್ಪೆಯ ನಡುವೆ ಹಸಿರು ಚುಕ್ಕಿ ಕಾಣಿಸುತ್ತದೆ. ಆಗಲೂ ನಾನು ಕೈ ತಡೆಯುತ್ತೇನೆ. ಕುಡಿ ಒಂದು ಬೆರಳುದ್ದ ಎದ್ದ ಮೇಲೆ ಮೊದಲ ನೀರು. ಗಡ್ಡೆಯ ತಲೆ ಮೇಲೆ ಸುರಿಯದೆ, ಕುಂಡದ ಅಂಚಿನ ಸುತ್ತ, ತಳದ ತೂತಿನಿಂದ ಹರಿದು ಹೋಗುವಷ್ಟು. ಆಮೇಲೆ ಮಣ್ಣು ತಳದವರೆಗೆ ಒಣಗಿದ ಮೇಲೇ ಮತ್ತೆ. ಒಣಗಿದೆಯೋ ಇಲ್ಲವೋ ತಿಳಿಯೋಕೆ ಕುಂಡ ಎತ್ತಿ ನೋಡುತ್ತೇನೆ, ಭಾರದಲ್ಲೇ ಗೊತ್ತಾಗುತ್ತದೆ. ಬಳ್ಳಿ ಹಸಿರಾಗಿರುವಷ್ಟು ಕಾಲ ತಿಂಗಳಿಗೊಮ್ಮೆ 19:19:19 ಗೊಬ್ಬರವನ್ನು (ಸಾರಜನಕ, ರಂಜಕ, ಪೊಟ್ಯಾಶ್ ಸಮನಾಗಿರುವುದು) ಪ್ಯಾಕೆಟ್ ಮೇಲೆ ಹೇಳಿದ ಪ್ರಮಾಣದ ಕಾಲು ಭಾಗ ಕರಗಿಸಿ ಕೊಡುತ್ತೇನೆ. ಅಷ್ಟು ಸಾಕು.

ಕುಡಿ ಬೆಳೆಯುವುದನ್ನು ನೋಡುವ ಖುಷಿ ಬೇರೆ. ಬೆಳಗ್ಗೆ ಕಿಟಕಿಯ ಗ್ರಿಲ್ ಕಡೆ ಬಾಗಿದ್ದ ತುದಿ ಆಫೀಸಿನಿಂದ ಬರುವಷ್ಟರಲ್ಲಿ ಪರದೆ ಕಡೆ ತಿರುಗಿರುತ್ತದೆ. ಆಸರೆ ಹುಡುಕುತ್ತಾ ಗಾಳಿಯಲ್ಲೇ ಸುತ್ತು ಹೊಡೆಯುತ್ತದೆ. ಒಂದು ಸಣಬಿನ ದಾರ ಸಿಕ್ಕಿತೋ, ಮೂರು ನಾಲ್ಕು ಸುತ್ತು ಹಾಕಿಕೊಂಡು ಮೇಲೇರಿಬಿಡುತ್ತದೆ. ತುದಿ ಬಹಳ ಮೆತ್ತಗೆ, ದಾರದಷ್ಟೇ ಸಣ್ಣ. ಮುರಿದರೆ ಆ ಕುಡಿ ಮುಂದೆ ಬೆಳೆಯೋದಿಲ್ಲ, ಆ ವರ್ಷ ಗಡ್ಡೆಗೆ ಸಿಗುವ ಊಟ ಕಡಿಮೆಯಾಗುತ್ತದೆ. ಅದಕ್ಕೇ ಕುಡಿ ಗೇಣುದ್ದ ಆಗುವ ಮುಂಚೆಯೇ ಕುಂಡದಿಂದ ಗ್ರಿಲ್‌ಗೆ ದಾರ ಕಟ್ಟಿಬಿಡುತ್ತೇನೆ. ಕೈಯಿಂದ ಸುತ್ತಲು ಹೋಗುವುದಿಲ್ಲ, ಅದರ ಪಾಡಿಗೆ ಅದು ಹಿಡಿದುಕೊಳ್ಳಲಿ. ಬಳ್ಳಿ ತುಂಬಿಕೊಂಡ ಮೇಲೆ ಸಣ್ಣ ಸಣ್ಣ ಹಸಿರುಬಿಳಿ ಹೂವು ಬಿಡುತ್ತವೆ. ಬೆರಳುಗುರಿಗಿಂತ ದೊಡ್ಡದಿಲ್ಲ, ಆರು ಎಸಳು. ಕಿಟಕಿ ಪೂರ್ವಕ್ಕಿದೆ. ಬೆಳಗಿನ ಬಿಸಿಲು ಬಳ್ಳಿಗೂ ಗಡ್ಡೆಗೂ ಹಿತ. ಮಧ್ಯಾಹ್ನದ ಉರಿಬಿಸಿಲು ಬಿದ್ದರೆ ಗಡ್ಡೆಯ ಮೈ ಕಂದಾಗುತ್ತದೆ, ಹಾಗಾಗಿ ಪಶ್ಚಿಮದ ಬಾಲ್ಕನಿ ಬೇಡ.

ಮಾರ್ಚ್ ಕೊನೆಗೆ, ಕೆಲವು ವರ್ಷ ಏಪ್ರಿಲ್‌ನಲ್ಲಿ, ಬಳ್ಳಿ ತುದಿಯಿಂದ ಹಳದಿಯಾಗತೊಡಗುತ್ತದೆ. ಆಗ ನೀರಿನ ನಡುವಿನ ಅಂತರ ಹೆಚ್ಚಿಸುತ್ತೇನೆ. ಬುಡದವರೆಗೆ ಹಳದಿಯಾದರೆ ನಿಲ್ಲಿಸಿಯೇ ಬಿಡುತ್ತೇನೆ. ಅಸಹ್ಯ ಕಾಣುತ್ತದೆ ಅಂತ ಹಸಿರು ಇರುವಾಗಲೇ ಕತ್ತರಿಸಬೇಡಿ. ಕಾಂಡದಲ್ಲಿರುವ ಸತ್ವ ಗಡ್ಡೆಗೆ ಇಳಿಯಲಿ. ಪೂರ್ತಿ ಒಣಗಿದ ಬಳ್ಳಿ ಸುಮ್ನೆ ಮುಟ್ಟಿದರೆ ಕೈಗೆ ಬರುತ್ತದೆ.

ಇನ್ನು ಮಳೆಗಾಲ. ಈ ಬರಹ ಬರೆಯಲು ಕೂತದ್ದೇ ಇದಕ್ಕಾಗಿ.

ಮೇ ಕೊನೆಯ ವಾರ, ಮೊದಲ ಮಳೆಗೆ ಮುಂಚೆ, ಕುಂಡ ಕಿಟಕಿಯಿಂದ ಒಳಗೆ ಬರುತ್ತದೆ. ಗ್ರಿಲ್ ಮೇಲೆ ತಗಡು ಇದೆ ಅಂತ ನಂಬಿ ಬಿಡುವಂತಿಲ್ಲ, ಮುಂಬೈ ಮಳೆ ಅಡ್ಡಕ್ಕೂ ಬೀಳುತ್ತದೆ. ಒಳಗೆ ತಂದ ದಿನ ಒಂದು ಕೆಲಸ ತಪ್ಪದೆ ಮಾಡುತ್ತೇನೆ: ಗಡ್ಡೆಯ ಹೊರಗಿನ ಕಾಗದದಂಥ ಒಣ ಸಿಪ್ಪೆಯನ್ನು ನಿಧಾನಕ್ಕೆ ಬಿಡಿಸಿ ತೆಗೆಯುವುದು. ಹಿಟ್ಟು ತಿಗಣೆ ಅಡಗುವುದು ಅದರ ಕೆಳಗೇ. ತೇವ ಹಿಡಿದು ಕಪ್ಪು ಬೂಸ್ಟು ಶುರುವಾಗುವುದೂ ಅಲ್ಲೇ. ಸುಲಭವಾಗಿ ಬರುವ ಸಿಪ್ಪೆ ಮಾತ್ರ ತೆಗೆಯಬೇಕು, ಅಂಟಿಕೊಂಡಿದ್ದನ್ನು ಎಳೆಯಬಾರದು. ಬಿಳಿ ಹತ್ತಿಯಂಥದ್ದು ಕಂಡರೆ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿದ ಇಯರ್‌ಬಡ್‌ನಿಂದ ಒರೆಸುತ್ತೇನೆ. ಆಮೇಲೆ ಬುಡದ ಸುತ್ತ ಗಂಧಕದ ಪುಡಿ ತೆಳ್ಳಗೆ ಉದುರಿಸುತ್ತೇನೆ.

ಇಡುವ ಜಾಗ ಹಾಲ್‌ನ ಪುಸ್ತಕದ ಕಪಾಟಿನ ಮೇಲೆ, ಫ್ಯಾನ್ ಗಾಳಿ ತಗಲುವಲ್ಲಿ. ಕುಂಡದ ಕೆಳಗೆ ತಟ್ಟೆ ಇಲ್ಲ, ಎರಡು ಮರದ ಪಟ್ಟಿ ಇವೆ, ತಳದ ತೂತಿಗೂ ಗಾಳಿ ಆಡುತ್ತದೆ. ಜೂನ್, ಜುಲೈ, ಆಗಸ್ಟ್, ಸೆಪ್ಟೆಂಬರ್, ಒಂದು ಹನಿ ನೀರಿಲ್ಲ. ಹೊರಗೆ ಊರೆಲ್ಲ ತೊಯ್ಯುತ್ತಿರುವಾಗ ಇದೊಂದನ್ನು ಒಣಗಿಸಿ ಇಡಬೇಕು ಅಂದರೆ ಮನಸ್ಸು ಒಪ್ಪೋದಿಲ್ಲ, ಅಲ್ವಾ? ಆದರೆ ಗಡ್ಡೆ ತನ್ನೊಳಗೆ ಕೂಡಿಟ್ಟುಕೊಂಡ ನೀರೇ ಆ ಹೊತ್ತಿಗೆ ಅದಕ್ಕೆ ಸಾಕಷ್ಟಾಗುತ್ತದೆ.

ವಾರಕ್ಕೊಮ್ಮೆ ಹೆಬ್ಬೆರಳಿನಿಂದ ಒತ್ತಿ ನೋಡುತ್ತೇನೆ. ಮೊದಲು ಹೊಟ್ಟೆ, ಆಮೇಲೆ ನೆತ್ತಿ, ಕೊನೆಗೆ ಮಣ್ಣು ಸ್ವಲ್ಪ ಸರಿಸಿ ಬುಡ. ನಿದ್ದೆಯಲ್ಲಿರುವ ಗಡ್ಡೆ ಸುತ್ತಲೂ ಒಂದೇ ಸಮ ಸ್ವಲ್ಪ ಮೆದುವಾಗುತ್ತದೆ, ಅಗಲವೂ ತುಸು ಇಳಿಯುತ್ತದೆ. ಅದು ಸಹಜ. ಒಂದು ಕಡೆ ಮಾತ್ರ ಬೆರಳು ಒಳಗೆ ಹೋದರೆ, ಅಲ್ಲಿ ಬಣ್ಣ ಕಂದಾಗಿ ನೀರಿನಂತೆ ಹೊಳೆದರೆ, ಹುಳಿ ವಾಸನೆ ಬಂದರೆ, ಕೊಳೆ ಶುರುವಾಗಿದೆ ಅಂತ ಅರ್ಥ. ಆಗ ತಡ ಮಾಡುವಂತಿಲ್ಲ. ಗಡ್ಡೆ ಕಿತ್ತು, ಸ್ಪಿರಿಟ್‌ನಿಂದ ಒರೆಸಿದ ಚಾಕುವಿನಲ್ಲಿ ಬಿಳಿ ಗಟ್ಟಿ ಭಾಗ ಸಿಗುವವರೆಗೆ ಕೆತ್ತಿ, ಗಂಧಕ ಹಚ್ಚಿ, ಫ್ಯಾನ್ ಕೆಳಗೆ ಗಾಯ ಒಣಗಿ ಗಟ್ಟಿಯಾಗುವವರೆಗೆ ಬಿಡಬೇಕು. ಬುಡದ ಬೇರು ಹೊರಡುವ ತಟ್ಟೆ ಚೆನ್ನಾಗಿದ್ದರೆ ಗಡ್ಡೆ ಬದುಕುತ್ತದೆ.

ಊರಿಂದ ಬಂದಿದ್ದಾಗ ನಮ್ಮ ಅತ್ತೆ ಇದನ್ನು ನೋಡಿದರು. ಅವರು ಕುಮಟಾ ಕಡೆಯವರು, ಅಲ್ಲಿ ಹುಲ್ಲುಗಾವಲಿಗೆ ಬೇಣ ಅಂತಾರೆ. "ಇದು ನಮ್ಮ ಬೇಣದ ಕಾಡು ಈರುಳ್ಳಿ ಥರಾನೇ ಇದೆಯಲ್ಲೇ. ಅದನ್ನ ದನ ಕೂಡ ಮುಟ್ಟೋದಿಲ್ಲ, ಮಕ್ಕಳ ಕೈಗೆ ಸಿಗದ ಹಾಗೆ ಇಡು" ಅಂದರು. ಅವರ ಕಣ್ಣು ಸರಿಯಾಗಿಯೇ ಗುರುತು ಹಿಡಿದಿತ್ತು. ಕಾಡು ಈರುಳ್ಳಿ, ಅಂದರೆ ಡ್ರಿಮಿಯಾ ಇಂಡಿಕಾ, ಬೋವಿಯಾದ ಹತ್ತಿರದ ನೆಂಟ. ಎರಡರ ಗಡ್ಡೆಯಲ್ಲೂ ಹೃದಯದ ಬಡಿತವನ್ನೇ ಏರುಪೇರು ಮಾಡುವ ವಿಷವಿದೆ. ಮನೆಯಲ್ಲಿ ಬೆಕ್ಕು, ನಾಯಿ, ಸಣ್ಣ ಮಕ್ಕಳಿದ್ದರೆ ಕೈಗೆಟುಕದ ಎತ್ತರದಲ್ಲಿಡಿ. ಕಿತ್ತ ಗಡ್ಡೆಯನ್ನು ಅಡುಗೆಮನೆಗೆ ಒಯ್ಯಲೇಬೇಡಿ, ಈರುಳ್ಳಿ ಬುಟ್ಟಿಯ ಹತ್ತಿರವಂತೂ ಬೇಡವೇ ಬೇಡ. ಗಡ್ಡೆ ಕೆತ್ತಿದ ಚಾಕು ಅಡುಗೆಗೆ ಬರಬಾರದು. ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ನೆಂಟರಾದರೂ ಇಬ್ಬರ ಸಮಯ ಬೇರೆ. ಕಾಡು ಈರುಳ್ಳಿಗೆ ನಮ್ಮ ಮಳೆಯೇ ಎಲೆ ಬಿಡುವ ಕಾಲ. ದಕ್ಷಿಣ ಆಫ್ರಿಕಾದ ಪೂರ್ವದಲ್ಲಿ ಮಳೆ ಬರುವುದು ಸುಮಾರು ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ, ನನ್ನ ಬೋವಿಯಾ ಎಚ್ಚರ ಇರುವುದೂ ಹೆಚ್ಚುಕಡಿಮೆ ಅದೇ ತಿಂಗಳುಗಳಲ್ಲಿ. ಹಾಗಂತ ಎಲ್ಲ ಗಡ್ಡೆಯೂ ಹೀಗೇ ಅಲ್ಲ. ಪುಣೆಯ ಗೆಳತಿಯ ಮನೆಯಲ್ಲಿ ಒಂದು ಗಡ್ಡೆ ಜೂನ್‌ನಲ್ಲೇ ಕುಡಿ ಒಡೆಯುತ್ತದೆ. ಅಲ್ಲಿ ಮಳೆ ನಮ್ಮಷ್ಟಿಲ್ಲ, ಗಾಳಿಯೂ ಹಗುರ. ಅವಳು ಆಗ ನೀರು ಕೊಡುತ್ತಾಳೆ, ಅದೂ ಸರಿಯೇ. ಕುಡಿ ಎದ್ದಿದ್ದರೆ ನೀರು, ಬಳ್ಳಿ ಒಣಗಿದ್ದರೆ ಇಲ್ಲ. ಮುಂಬೈಯಲ್ಲಿ ನಿಮ್ಮ ಗಡ್ಡೆ ಮಳೆಯ ನಡುವೆ ಎದ್ದರೂ ಇದೇ ಲೆಕ್ಕ, ನೀರು ಮಾತ್ರ ತುಂಬಾ ಕಡಿಮೆ, ಫ್ಯಾನ್ ಜಾಸ್ತಿ.

ಮರಿ ಮಾಡುವುದು ಕಷ್ಟವೇನಲ್ಲ. ದೊಡ್ಡ ಗಡ್ಡೆ ಕೆಲವೊಮ್ಮೆ ತಾನೇ ಎರಡಾಗಿ ಸೀಳುತ್ತದೆ. ಕಾಯಲು ಮನಸ್ಸಿಲ್ಲದಿದ್ದರೆ ನಿದ್ದೆ ಮುಗಿಯುವ ಹೊತ್ತಿಗೆ ಹೊರಗಿನ ಒಂದೆರಡು ದಪ್ಪ ಪದರ ಬಿಡಿಸಿ, ಗಾಯ ಒಣಗಿಸಿ, ಸ್ವಲ್ಪವೇ ತೇವ ಇರುವ ಪರ್ಲೈಟ್ (ನರ್ಸರಿಯಲ್ಲಿ ಸಿಗುವ ಬಿಳಿ ಹಗುರ ಕಲ್ಲಿನ ಕಾಳು) ಮೇಲೆ ಮಲಗಿಸಿ. ಮುಚ್ಚಳ ಅರೆ ತೆರೆದ ಡಬ್ಬಿಯಲ್ಲಿ ನೆರಳಲ್ಲಿಡಿ. ಕೆಲವು ತಿಂಗಳಲ್ಲಿ ಪದರದ ಕೆಳ ಅಂಚಿನಲ್ಲಿ ಮಣಿಯಷ್ಟು ಪುಟ್ಟ ಹಸಿರು ಗಡ್ಡೆಗಳು ಮೂಡುತ್ತವೆ. ಅವು ಬೇರು ಬಿಡುವವರೆಗೆ ಪದರದಿಂದ ಬೇರ್ಪಡಿಸಬೇಡಿ, ಪದರ ಸೊರಗುತ್ತಾ ಹೋದಂತೆ ಅದರ ರಸವೆಲ್ಲ ಮರಿಗೇ ಸೇರುತ್ತದೆ. ಬೀಜದಿಂದಲೂ ಬರುತ್ತದೆ. ಸಸಿ ಈರುಳ್ಳಿ ಸಸಿಯಂತೆಯೇ ಒಂಟಿ ಎಳೆಯಾಗಿ ಏಳುತ್ತದೆ, ಆದರೆ ಗಡ್ಡೆ ನೋಡುವಷ್ಟಾಗಲು ವರ್ಷಗಳು ಬೇಕು. ಯಾರಿಗಾದರೂ ಕೊಡುವುದಿದ್ದರೆ ನಿದ್ದೆಯ ಕಾಲದಲ್ಲೇ ಕೊಡಿ. ಒಣ ಗಡ್ಡೆಯನ್ನು ಪೇಪರ್‌ನಲ್ಲಿ ಸುತ್ತಿದರೆ ಲೋಕಲ್ ಟ್ರೈನಿನ ನೂಕುನುಗ್ಗಲಲ್ಲೂ ಏನೂ ಆಗೋದಿಲ್ಲ. ಪೇಪರ್ ಮೇಲೆ ಗಿಡದ ಹೆಸರಿನ ಜೊತೆ "ವಿಷ, ತಿನ್ನುವಂಥದ್ದಲ್ಲ" ಅಂತ ದಪ್ಪ ಅಕ್ಷರದಲ್ಲಿ ಬರೆದುಬಿಡಿ.