ಕ್ಯೂ ಚಿಕ್ಕದು ಮಾಡಿದ ಮೇಲೆ ಓಟಿಪಿ ಸಮಯಕ್ಕೆ ಬಂತು

"ಕ್ಯೂ ತುಂಬಿದರೆ ಆಗಲ್ಲ ಅಂತ ಮೊದಲೇ ಹೇಳಿಬಿಡೋಣ" ಅಂತ ನಾನು ಅಂದಾಗ ಮೀಟಿಂಗಿನಲ್ಲಿ ಎಲ್ಲರೂ ನಕ್ಕಿದ್ದರು. ಗಿರಾಕಿಯನ್ನೇ ವಾಪಸ್ ಕಳಿಸ್ತೀಯಾ ಅಂದರು. ಈ ಜೂನ್‌ನಲ್ಲಿ ಯಾರೂ ನಗಲಿಲ್ಲ.

ನಮ್ಮದು ಶಾಲೆಗಳ ಫೀಸು ಕಟ್ಟಿಸಿಕೊಳ್ಳುವ ಸಿಸ್ಟಮ್. ರಶೀದಿಯ ಎಸ್ಸೆಮ್ಮೆಸ್ಸು, ಓಟಿಪಿ ಎಲ್ಲಾ ಒಂದೇ ರ್‍ಯಾಬಿಟ್‌ಎಂಕ್ಯೂ ಕ್ಯೂನಲ್ಲಿ ಇದ್ದವು (ಮೆಸೇಜುಗಳನ್ನು ಸಾಲಿನಲ್ಲಿ ಇಟ್ಟು ಒಂದೊಂದಾಗಿ ಕೊಡುವ ಸಾಫ್ಟ್‌ವೇರು ಅದು). ಸೀಸನ್ನಿನಲ್ಲಿ 50 ಸಾವಿರದಷ್ಟು ಮೆಸೇಜು ರಾಶಿ ಬೀಳುತ್ತಿತ್ತು. ಓಟಿಪಿಯ ಆಯಸ್ಸು 3 ನಿಮಿಷ, ಕೈಸೇರುತ್ತಿದ್ದದ್ದು 20 ನಿಮಿಷಕ್ಕೆ. ಜನ ಸುಮ್ನೆ ಕೂರ್ತಾರಾ? ಮತ್ತೆ ಮತ್ತೆ ಒತ್ತುತ್ತಿದ್ದರು. ಸತ್ತ ಓಟಿಪಿಗೂ ತಲಾ 15-20 ಪೈಸೆ. ಒಂದು ಸೀಸನ್ನಿಗೆ ಹೀಗೆ 70-80 ಸಾವಿರ ರೂಪಾಯಿ ನೀರಿಗೆ ಹೋಯಿತು.

ವರ್ಕರ್ (ಕ್ಯೂನಿಂದ ಮೆಸೇಜು ಎತ್ತಿ ಕಳಿಸುವ ಪ್ರೋಗ್ರಾಮು) ಜಾಸ್ತಿ ಮಾಡಿ ನೋಡಿದೆವು. ಎಸ್ಸೆಮ್ಮೆಸ್ಸು ಹೊರಗೆ ಕಳಿಸುವ ಗೇಟ್‌ವೇ ಬಿಡುವುದೇ ಸೆಕೆಂಡಿಗೆ 40. ಕ್ಲೌಡ್ ಬಿಲ್ ಏರಿತು, ಕ್ಯೂ ಕದಲಲಿಲ್ಲ.

ಕೊನೆಗೆ ಓಟಿಪಿಗೆ ಬೇರೆ ಕ್ಯೂ ಮಾಡಿದೆ. ಸೆಕೆಂಡಿಗೆ 30 ಅದಕ್ಕೆ, ಉಳಿದ 10 ರಶೀದಿಗೆ. ರಶೀದಿ ರಾತ್ರಿ ಹೋದರೂ ಯಾರೂ ಕೇಳಲ್ಲ. ಓಟಿಪಿಗೆ ಹೆಚ್ಚೆಂದರೆ 30 ಸೆಕೆಂಡು ಕಾಯಬಹುದು, ಅಂದರೆ ಕ್ಯೂನ ಮಿತಿ 900. ಓವರ್‌ಫ್ಲೋ ರಿಜೆಕ್ಟ್-ಪಬ್ಲಿಶ್ ಅಂತ ಹಾಕಿದೆ, ಅಂದರೆ ತುಂಬಿದ ಮೇಲೆ ಹೊಸದನ್ನು ವಾಪಸ್ ಕಳಿಸು ಅಂತ. ಇಲ್ಲದಿದ್ದರೆ ರ್‍ಯಾಬಿಟ್ ಕ್ಯೂನ ಮುಂದಿನ ತುದಿಯಿಂದ ಹಳೆಯದನ್ನು ಸದ್ದಿಲ್ಲದೆ ಬಿಸಾಡುತ್ತದೆ.

ಆದರೂ ಮಿತಿ ಹಿಡಿಯಲೇ ಇಲ್ಲ! ಎರಡು ರಾತ್ರಿ ತಲೆ ಕೆಟ್ಟಿತು. ಆ ಮಿತಿ ಎಣಿಸುವುದು ರೆಡಿ ಮೆಸೇಜುಗಳನ್ನು ಮಾತ್ರ, ಅಂದರೆ ಇನ್ನೂ ವರ್ಕರಿಗೆ ಹೋಗದವನ್ನು. ಪ್ರಿಫೆಚ್‌ಗೆ (ವರ್ಕರ್ ಮುಂಚೆಯೇ ಎಳೆದಿಟ್ಟುಕೊಳ್ಳುವ ಮೆಸೇಜುಗಳ ಸಂಖ್ಯೆ) ಕಡಿವಾಣ ಇಲ್ಲದೆ ವರ್ಕರುಗಳು ಸಾವಿರಗಟ್ಟಲೆ ಎಳೆದು ಮೆಮರಿಯಲ್ಲಿ ಇಟ್ಟುಕೊಂಡು ಕೂತಿದ್ದವು. ಡ್ಯಾಶ್‌ಬೋರ್ಡಿನಲ್ಲಿ ಕ್ಯೂ ಖಾಲಿ! ಪ್ರಿಫೆಚ್ 5 ಮಾಡಿದೆ, ಸರಿಹೋಯಿತು. ಕ್ಯೂನ ಉದ್ದ ನೋಡುವುದನ್ನೂ ಬಿಟ್ಟೆ. ಈಗ ಅಲರ್ಟ್ ಇರುವುದು ಅತಿ ಹಳೆಯ ಮೆಸೇಜಿನ ವಯಸ್ಸಿಗೆ.

ನಡುವೆ ಒಂದು ಹುಚ್ಚು ಪ್ರಯೋಗವೂ ಆಯಿತು. ಪೋಸ್ಟ್‌ಗ್ರೆಸ್ ಡೇಟಾಬೇಸಿನ ಟೇಬಲ್ಲನ್ನೇ ಕ್ಯೂ ಮಾಡಿ, ಸ್ಕಿಪ್ ಲಾಕ್ಡ್ ಹಾಕಿ (ಬೇರೆ ವರ್ಕರ್ ಹಿಡಿದದ್ದನ್ನು ಬಿಟ್ಟು ಮುಂದಿನದನ್ನು ಎತ್ತುವ ಸೌಲಭ್ಯ, 9.5ನೇ ಆವೃತ್ತಿಯಿಂದ ಇದೆ), ಹೊಸದನ್ನು ಮೊದಲು ಎತ್ತಿದೆ. ಅನ್ಯಾಯ ಅನ್ನಿಸುತ್ತದೆ, ಅಲ್ವಾ? ಆದರೆ ಒತ್ತಡ ಇದ್ದಾಗ ಅದೇ ಜಾಸ್ತಿ ಜನರನ್ನು ಪಾರು ಮಾಡಿತು. ಹಳಬರು ಹೇಗೂ ಕಾದು ಎದ್ದು ಹೋಗಿರುತ್ತಾರೆ. ಟೇಬಲ್ ಊದಿ ಅಳಿಸಿದ್ದರ ಜಾಗ ಗುಡಿಸುವ ವ್ಯಾಕ್ಯೂಮ್ ಏದುಸಿರು ಬಿಡತೊಡಗಿದ್ದರಿಂದ ಸದ್ಯ ನಿಲ್ಲಿಸಿದ್ದೇನೆ.

ಈ ಸಲ ಪೀಕಿನಲ್ಲಿ ನೂರಕ್ಕೆ ಮೂರ್‍ನಾಲ್ಕು ಜನರಿಗೆ "20 ಸೆಕೆಂಡು ಬಿಟ್ಟು ಒತ್ತಿ" ಅಂತ ಬಂತು, ಬಟನ್ನೂ ಅಷ್ಟು ಹೊತ್ತು ಮಂಕಾಯಿತು. ಉಳಿದವರಿಗೆಲ್ಲ ಅರ್ಧ ನಿಮಿಷದೊಳಗೆ ಓಟಿಪಿ. ಗೇಟ್‌ವೇ ನಿಧಾನವಾದಾಗ ಆ 900 ತಾನಾಗಿಯೇ ಇಳಿಯುವ ಹಾಗೂ ಮಾಡಿದ್ದೇನೆ. ಅದು ಹೇಗೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಭಾರೀ ಪ್ರಮಾಣದ ಮೆಸೇಜಿಗೆ ಬಳಸುವ ಕಾಫ್ಕಾ ತನ್ನಿ ಅಂತ ಮೇಲಿನವರು ಇನ್ನೂ ಕೇಳುತ್ತಿದ್ದಾರೆ. ಸೆಕೆಂಡಿಗೆ 40ಕ್ಕೆ!